ಕೆಂಪು–ನೇರಳೆ ಡ್ರ್ಯಾಗನ್‌ಫ್ಲೈ: ಟ್ರೈಥೆಮಿಸ್ ಅರೋರಾ ಹೌದೇ?

ಪ್ರಶ್ನೆ:
ನಮಸ್ಕಾರ. ಜೊಂಡು ಬೆಳೆದ ಕೊಳದ ಅಂಚಿನಲ್ಲಿ, ನೀರಿನಿಂದ ಮೇಲೆದ್ದ ಒಣಕಡ್ಡಿಯ ತುದಿಯಲ್ಲಿ, ಕೆಂಪಿಗೆ ನೇರಳೆ ಬೆರೆತ ಬಣ್ಣದ ಡ್ರ್ಯಾಗನ್‌ಫ್ಲೈ ಒಂದು ಕೂರುತ್ತದೆ. ಹಾರಿಹೋದರೂ ಮತ್ತೆ ಅದೇ ಕಡ್ಡಿಗೆ ಮರಳುತ್ತದೆ. ಇದು ಟ್ರೈಥೆಮಿಸ್ ಅರೋರಾ ಇರಬಹುದೆಂದು ನನ್ನ ಊಹೆ. ಆದರೆ ಕ್ರೊಕೊಥೆಮಿಸ್ ಸರ್ವಿಲಿಯಾ ಎಂಬ ಕೆಂಪು ಪ್ರಭೇದವೂ ಇಂತಹ ಜಾಗಗಳಲ್ಲೇ ಇರುವುದರಿಂದ, ಹಿಡಿಯದೆ ಇವೆರಡನ್ನು ಗುರುತಿಸುವುದು ಹೇಗೆಂದು ತಿಳಿಸುವಿರಾ? ಅಲ್ಲೇ ಸುಳಿದಾಡುವ ಹಳದಿ ಮಿಶ್ರಿತ ಕಂದು ಬಣ್ಣದವು ಇದರ ಹೆಣ್ಣುಗಳೇ?

ಉತ್ತರ 1:
ಮೈಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ, ಬಿಸಿಲು ಬದಲಾದಂತೆ ಅದೂ ಬೇರೆಯಾಗಿ ಕಾಣುತ್ತದೆ, ಫೋಟೋದಲ್ಲಂತೂ ಕೇಳುವುದೇ ಬೇಡ. ಮೊದಲು ರೆಕ್ಕೆಯ ನರಗಳನ್ನು ನೋಡಿ. ಬಲಿತ ಗಂಡು ಅರೋರಾದ ರೆಕ್ಕೆಗಳು ಪಾರದರ್ಶಕವಾಗಿದ್ದರೂ ಅವುಗಳ ನರಗಳೇ ಕಡುಗೆಂಪಾಗಿರುವುದರಿಂದ, ಕೆಂಪು ನೂಲಿನಲ್ಲಿ ಹೆಣೆದ ಬಲೆಯಂತೆ ತೋರುತ್ತವೆ. ರೆಕ್ಕೆಯ ಬುಡದಲ್ಲಿ ಜೇನುಬಣ್ಣದ ಅಗಲವಾದ ಮಚ್ಚೆಯಿರುತ್ತದೆ. ಆದರೆ ಅಂಥದೇ ಮಚ್ಚೆ ಸರ್ವಿಲಿಯಾದಲ್ಲೂ ಇರುವುದರಿಂದ ಅದು ನಿರ್ಣಾಯಕವಲ್ಲ. ಕಾಲುಗಳು ಹೆಚ್ಚು ನಂಬಿಕಸ್ಥ: ಅರೋರಾದ ಕಾಲುಗಳು ಕಪ್ಪು, ಗಂಡು ಸರ್ವಿಲಿಯಾದವು ಕೆಂಪು ಛಾಯೆಯವು. ಸರ್ವಿಲಿಯಾದ ಹೊಟ್ಟೆಯ ಬೆನ್ನಿನ ನಡುವೆ ಉದ್ದಕ್ಕೂ ತೆಳುವಾದ ಕಪ್ಪು ಗೆರೆಯಿರುತ್ತದೆ. ಪಕ್ಕದಿಂದ ನೋಡಿದರೆ ಅದು ಕಾಣದೆ ಹೋಗಬಹುದು, ಆದ್ದರಿಂದ ಮೇಲಿನಿಂದ ಗಮನಿಸುವುದು ಒಳ್ಳೆಯದು.

ಉತ್ತರ 2:
ನಿಮ್ಮ ಎರಡನೆಯ ಪ್ರಶ್ನೆಗೆ ಅಷ್ಟು ಸುಲಭವಾಗಿ ಹೌದೆನ್ನಲಾಗದು. ಹೆಣ್ಣಿನ ಎದೆಭಾಗ ಕಪ್ಪು ಪಟ್ಟೆಗಳಿರುವ ಆಲಿವ್ ಬಣ್ಣದ್ದು, ಹೊಟ್ಟೆ ಕಪ್ಪು ಗುರುತುಗಳಿರುವ ಕೆಂಗಂದು, ರೆಕ್ಕೆಯ ನರಗಳು ಹಳದಿಯಿಂದ ಕಂದು. ಆದರೆ ಆಗಷ್ಟೇ ಪೊರೆ ಕಳಚಿ ಹೊರಬಂದ ಎಳೆಯ ಗಂಡೂ ಹೆಚ್ಚುಕಡಿಮೆ ಹೀಗೆಯೇ ಇದ್ದು, ಬಲಿಯುತ್ತಾ ಕೆಂಪಾಗುತ್ತದೆ. ಪಕ್ಕದಿಂದ ನೋಡುವಾಗ ಹೊಟ್ಟೆಯ ಎರಡನೆಯ ಖಂಡದ ಕೆಳಗೆ ಸಣ್ಣ ಉಬ್ಬು ಕಂಡರೆ ಅದು ಗಂಡು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕಾಲುಗಳು ಕಪ್ಪಾಗಿಯೇ ಇವೆ, ಬೆನ್ನಿನ ಮೇಲೆ ಗೆರೆಯಿಲ್ಲ. ಆದರೆ ನಡುಮಧ್ಯಾಹ್ನ ಇದು ಹೊಟ್ಟೆಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ನಿಲ್ಲುವುದೇಕೆ? ಇದಕ್ಕೆ ನಿಂತ ನೀರೇ ಬೇಕೇ?

ಉತ್ತರ 3:
ಹಾಗಾದರೆ ಅದು ಅರೋರಾ ಎಂದೇ ನನ್ನ ಅಭಿಪ್ರಾಯ. ಸೂರ್ಯ ನೆತ್ತಿಗೆ ಬಂದಾಗ ಹೊಟ್ಟೆಯ ತುದಿಯನ್ನು ಅವನೆಡೆಗೆ ತಿರುಗಿಸಿದರೆ ಮೈಮೇಲೆ ಬೀಳುವ ಬಿಸಿಲು ಕಡಿಮೆಯಾಗುತ್ತದೆ. ಇದು ದೇಹ ಕಾಯದಂತೆ ನೋಡಿಕೊಳ್ಳುವ ಉಪಾಯ. ಅದೇ ಕಡ್ಡಿಗೆ ಮರಳುವುದು ಗಂಡು ತನ್ನ ವಲಯವನ್ನು ಕಾಯುವ ಕ್ರಮ. ನಿಂತ ನೀರೇ ಆಗಬೇಕೆಂದಿಲ್ಲ: ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾ ಮತ್ತು ಜಪಾನಿನವರೆಗೆ ಹರಡಿರುವ ಈ ಪ್ರಭೇದ ಕೆರೆ, ಜೌಗು, ಕಾಲುವೆ ಮತ್ತು ನಿಧಾನವಾಗಿ ಹರಿಯುವ ತೊರೆಗಳಲ್ಲೂ ವಾಸಿಸುತ್ತದೆ. ಹೆಣ್ಣು ಹೊಟ್ಟೆಯ ತುದಿಯನ್ನು ನೀರಿಗೆ ತಾಕಿಸುತ್ತಾ ಮೊಟ್ಟೆಯಿಡುತ್ತದೆ, ಮರಿಗಳು ನೀರಿನಲ್ಲೇ ಬೇಟೆಯಾಡಿ ಬೆಳೆದು, ಕೊನೆಗೆ ಮೇಲೆ ಹತ್ತಿ ಪೊರೆ ಕಳಚುತ್ತವೆ. ದಡದ ಜೊಂಡನ್ನೆಲ್ಲ ಕಿತ್ತುಹಾಕಿದರೆ ಗಂಡಿಗೆ ಕೂರಲು ಕಡ್ಡಿಯೂ ಇಲ್ಲ, ಮರಿಗೆ ಹತ್ತಲು ಕಾಂಡವೂ ಇಲ್ಲ.