ರೊಟ್ಟಿ ಅಂಚು ಸೀಳಿದರೂ ನನ್ನನ್ನೇ ಬೈದುಕೊಳ್ಳುತ್ತೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಗಿರಾಕಿಗಳು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬೈಯುವವಳು ನನ್ನೊಳಗೇ ಇದ್ದಾಳೆ. ಬಡಿಯುವಾಗ ಒಂದು ರೊಟ್ಟಿಯ ಅಂಚು ಸೀಳಿದರೆ ಸಾಕು, ‘ನಿನ್ನ ಕೈಲಿ ಏನೂ ಆಗಲ್ಲ, ಯಾತಕ್ಕೂ ಬಾರದವಳು’ ಅಂತ ಶುರು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಸೀಳುತ್ತೆ, ಅದು ನನಗೆ ಗೊತ್ತು. ಆದರೂ ಕೈ ನಡುಗಿ ಮುಂದಿನ ರೊಟ್ಟಿಯೂ ಕೆಡುತ್ತೆ. ಈಚೆಗೆ ದೊಡ್ಡ ಆರ್ಡರ್ ಬಂದರೆ ಬೇಡ ಅನ್ನುತ್ತಿದ್ದೇನೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಬಂದ ಯೋಚನೆ ಏನು, ಅದು ನಿಜ ಅನ್ನೋಕೆ ಏನು ಆಧಾರ, ಅಲ್ಲ ಅನ್ನೋಕೆ ಏನು ಆಧಾರ, ನೋಟ್‌ಬುಕ್‌ನಲ್ಲಿ ಬರೆಯಿರಿ ಅಂದರು. ರಾತ್ರಿ ಕೂತು ಬರೆದರೆ ಮನಸ್ಸು ಹಗುರಾಗುತ್ತೆ, ನಿಜ. ಆದರೆ ಒಲೆ ಮುಂದೆ ಕೈಯೆಲ್ಲ ಹಿಟ್ಟು, ಪೆನ್ನು ಹಿಡಿಯೋದು ಹೇಗೆ? ಆಗ ಒಳಗಿನ ಆ ಬೈಗುಳಕ್ಕೆ ಎದುರುತ್ತರ ಕೊಟ್ಟರೆ ವಾದ ಇನ್ನೂ ಜಾಸ್ತಿ ಆಗುತ್ತೆ. ಸುಮ್ನೆ ಬಿಟ್ಟರೆ ಒಪ್ಪಿಕೊಂಡ ಹಾಗೆ, ಅಲ್ವಾ?

ಇದರಿಂದ ಹೊರಗೆ ಬಂದವರು ಇದ್ದರೆ ದಯವಿಟ್ಟು ಹೇಳಿ. ಕೆಲಸದ ನಡುವೆ, ಆ ಕ್ಷಣದಲ್ಲಿ, ನೀವು ಉತ್ತರ ಕೊಟ್ಟಿರಾ, ಹಾಗೇ ಹೋಗಲಿ ಅಂತ ಬಿಟ್ಟಿರಾ? ಬಿಟ್ಟಿದ್ದರೆ ಹೇಗೆ ಬಿಟ್ಟಿರಿ?