ಈ ಸಲಾನೂ ಪೀಕದಾನಿ ನಮ್ದೇ

ಮಂಡ್ಯ ಬಾಗಿಲು ತಟ್ಟಲಿಲ್ಲ, ಸೀದಾ ಒಳಗೆ ಬಂದ, ಚಪ್ಪಲಿ ಒಂದು ಆ ಕಡೆ ಒಂದು ಈ ಕಡೆ ಬಿಸಾಕಿ ಫೋನ್ ತಂದು ನನ್ನ ಮೂಗಿಗೆ ಹಿಡಿದು "ಇಪ್ಪತ್ತು ಕಣ್ಲಾ, ಇಪ್ಪತ್ತು!" ಅಂದ. ನಾನು ಈರುಳ್ಳಿ ಹೆಚ್ತಾ ಇದ್ದೆ, ಕಣ್ಣಲ್ಲಿ ನೀರು, ಏನೂ ಕಾಣ್ತಿರಲಿಲ್ಲ, ಸಂಬಳ ಇಪ್ಪತ್ತು ಪರ್ಸೆಂಟ್ ಜಾಸ್ತಿ ಆಗಿರ್ಬೇಕು ಅಂತ ಕಂಗ್ರಾಟ್ಸ್ ಬೇರೆ ಹೇಳ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಸೀಸನ್ ಶುರುವಾಗೋಕೆ ಮುಂಚೆ ಪತ್ರಕರ್ತರೆಲ್ಲಾ ವೋಟ್ ಹಾಕಿ ಒಂದು ಪಟ್ಟಿ ಮಾಡ್ತಾರಲ್ಲ, ಎಪಿ ಸುದ್ದಿಸಂಸ್ಥೆಯ ರ್‍ಯಾಂಕಿಂಗ್, ಅದರ 2025ರ ಪಟ್ಟಿಯಲ್ಲಿ ಇಂಡಿಯಾನಾ ಯೂನಿವರ್ಸಿಟಿ ಫುಟ್ಬಾಲ್ ಟೀಮು 20ನೇ ನಂಬರು.

"ಇಪ್ಪತ್ತನೇ ರ್‍ಯಾಂಕ್ ಬಂದ್ರ ನಾವು ಸಾಲಿಯಿಂದ ಮನಿಗೆ ಹೋಗಾಕ ಅಂಜತಿದ್ವಿ," ಅಂತ ಸೋಫಾ ಮೇಲಿಂದ ಹುಬ್ಬಳ್ಳಿ. "ಇವಾ ನೋಡಿದ್ರ ಪೇಡೆ ಹಂಚವರಂಗ ಬಂದಾನ."

"136 ಟೀಮಲ್ಲಿ 20 ಕಣಯ್ಯಾ!"

ಹೆಸರುಗಳ ವಿಷಯ ಹೇಳ್ಬಿಡ್ತೀನಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಅನ್ನೋ ಈ ಊರಲ್ಲಿ ನಾವು ನಾಲ್ಕು ಜನ ಕನ್ನಡದವರು ಗಂಟು ಬಿದ್ದಿದ್ದೀವಿ, ಹಾಸ್ಟೆಲ್ ಪದ್ಧತಿ ಪ್ರಕಾರ ಊರಿನ ಹೆಸರಲ್ಲೇ ಕರ್ಕೊಳ್ಳೋದು. ಮಂಡ್ಯ, ಹುಬ್ಬಳ್ಳಿ, ಮೈಸೂರು ಅಂದ್ರೆ ನಾನು, ಮತ್ತೆ ಪುತ್ತೂರಕ್ಕ. ಅಕ್ಕ ಸ್ಟ್ಯಾಟಿಸ್ಟಿಕ್ಸಲ್ಲಿ ಪಿಎಚ್‌ಡಿ ಮಾಡ್ತಿರೋದು ಎಷ್ಟು ವರ್ಷದಿಂದ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ, ಹಾಗಾಗಿ ಅಕ್ಕ.

ಇನ್ನೊಂದು ಮಾತು, ಇಲ್ಲಿ ಫುಟ್ಬಾಲ್ ಅಂದ್ರೆ ಕಾಲಲ್ಲಿ ಒದೆಯೋ ಆಟ ಅಲ್ಲ. ಹೆಲ್ಮೆಟ್ ಹಾಕ್ಕೊಂಡು ಗುಮ್ಮೋದು. ನಾಲ್ಕು ಸಲ ಪ್ರಯತ್ನ ಮಾಡಿ ಹತ್ತು ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸು, ಇಲ್ಲಾಂದ್ರೆ ಚೆಂಡು ಅವರಿಗೆ. ಆರ್‌ಟಿಓ ಆಫೀಸ್ ಕೆಲಸ ಇದ್ದಂಗೆ, ನಾಲ್ಕು ಸಲ ಹೋದ್ರೆ ಒಂದು ಟೇಬಲ್ ಮುಂದೆ ಹೋಗುತ್ತೆ. ಇಷ್ಟು ಗೊತ್ತಿದ್ರೆ ಸಾಕು, ನನಗೂ ಇಷ್ಟೇ ಗೊತ್ತಿರೋದು.

ಈಗ ವಿಷಯ ಏನಪ್ಪಾ ಅಂದ್ರೆ ಈ ಊರು ಬಾಸ್ಕೆಟ್‌ಬಾಲ್ ಊರು. ಅದರಲ್ಲಿ ಐದು ಸಲ ನ್ಯಾಷನಲ್ ಚಾಂಪಿಯನ್, 1976ರ ಟೀಮಂತೂ ಒಂದು ಮ್ಯಾಚೂ ಸೋಲದೆ ಕಪ್ ಎತ್ತಿದ್ದು, ಅದಾದ್ಮೇಲೆ ದೇಶದಲ್ಲಿ ಬೇರೆ ಯಾವ ಗಂಡಸರ ಟೀಮಿಗೂ ಅದು ಆಗಿಲ್ಲ. ಫುಟ್ಬಾಲ್ ಮಾತ್ರ ಮನೆಯಲ್ಲಿ ಎರಡನೇ ಮಗ ಇದ್ದಂಗೆ, ನೆಂಟರು ಬಂದಾಗ ರೂಮಿಂದ ಆಚೆ ಬರಬೇಡ ಅಂತಾರಲ್ಲ ಆ ಥರ. ಈ ಪಟ್ಟಿ ಬಂದ ಹೊತ್ತಿಗೆ ಒಟ್ಟು ಸೋಲು 700ಕ್ಕೂ ಜಾಸ್ತಿ, ಆ ಮಟ್ಟದ ಕಾಲೇಜುಗಳಲ್ಲಿ ಅತಿ ಹೆಚ್ಚು ಸೋತ ದಾಖಲೆ ಆಗ ನಮ್ಮದೇ. ಬಿಗ್ ಟೆನ್ ಅನ್ನೋ ಲೀಗಲ್ಲಿ ಅಲ್ಲಿವರೆಗೆ ಚಾಂಪಿಯನ್ ಆಗಿದ್ದು ಎರಡೇ ಸಲ, 1945 ಒಂದು, 1967 ಇನ್ನೊಂದು, ಅದರಲ್ಲೂ 67ರದ್ದು ಹಂಚ್ಕೊಂಡಿದ್ದು. ಸೀಸನ್ ಕೊನೆಗೆ ಬೌಲ್ ಗೇಮ್ ಅಂತ ಆಡ್ತಾರೆ, ಅಲ್ಲಿವರೆಗೆ ಅದು ಕೊನೇ ಸಲ ಗೆದ್ದಿದ್ದು 1991ರಲ್ಲಿ. ಈ ಮನೇಲಿ ಇರೋ ಮೂರು ಗಂಡಸರೂ ಆಗ ಹುಟ್ಟಿರಲಿಲ್ಲ. ಅಕ್ಕ ಹುಟ್ಟಿದ್ರಾ ಅಂತ ಮಂಡ್ಯ ಕೇಳೋಕೆ ಹೋದ, ಅಕ್ಕ ಸೌಟು ಎತ್ತಿದ್ರು, ಅಲ್ಲಿಗೆ ನಿಂತ್ತು.

"ಆ ಫೋಟೋದ ಕತಿ ಹೇಳ್ಲಾ ಅವಂಗ," ಅಂದ ಹುಬ್ಬಳ್ಳಿ.

ಈ ಕತೆ ನಮ್ಮಲ್ಲಿ ವಾರಕ್ಕೊಂದ್ಸಲ ಆಗುತ್ತೆ, ಆದ್ರೂ ಬೇಜಾರಾಗಲ್ಲ. 1976, ಓಹಾಯೋ ಸ್ಟೇಟ್ ಜೊತೆ ಮ್ಯಾಚು. ಅವರು ಅಂದ್ರೆ ಆನೆ, ನಾವು ಅಂದ್ರೆ ಆನೆ ಕಾಲಿಗೆ ಸಿಕ್ಕ ಬಾಳೆಹಣ್ಣು. ಹೇಗೋ ಮಾಡಿ ಇಂಡಿಯಾನಾ 7-6 ಲೀಡ್ ತಗೊಂಡ್ಬಿಡ್ತು. ಕೋಚ್ ಲೀ ಕೋರ್ಸೋ ತಕ್ಷಣ ಟೈಮ್‌ಔಟ್ ತಗೊಂಡ. ಪ್ಲಾನ್ ಹೇಳೋಕಲ್ಲ. ಇಡೀ ಟೀಮನ್ನ ಸ್ಕೋರ್‌ಬೋರ್ಡ್ ಮುಂದೆ ನಿಲ್ಲಿಸಿ, ಹಿಂದೆ 7-6 ಕಾಣೋ ಹಾಗೆ, ಮದುವೆ ಮನೇಲಿ ವಧುವರರ ಜೊತೆ ನಿಂತಂಗೆ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ತೆಗೆಸಿದ! ಆಮೇಲೆ ಆಟ ಮುಂದುವರೀತು. 47-7.

ಹುಬ್ಬಳ್ಳಿ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಮಂಡ್ಯ ಮಾತ್ರ ಸೀರಿಯಸ್ಸು. "ಯಾಕ್ಲಾ ನಗ್ತಿ, ನೀನು ಆರ್‌ಸಿಬಿ ಮೊದಲ್ನೇ ಮ್ಯಾಚ್ ಗೆದ್ದ ರಾತ್ರಿ ಪಾಯಿಂಟ್ಸ್ ಟೇಬಲ್ ಸ್ಕ್ರೀನ್‌ಶಾಟ್ ಸ್ಟೇಟಸ್ ಹಾಕ್ತಿರ್ಲಿಲ್ವಾ? ನೆಟ್ ರನ್‌ರೇಟ್‌ಗೆ ರೌಂಡ್ ಬೇರೆ ಹಾಕಿ?"

ಹುಬ್ಬಳ್ಳಿಯ ನಗು ಗಂಟಲಲ್ಲೇ ಉಳೀತು. ಪಾಪ, ಹದಿನೇಳು ಸೀಸನ್ ಹಾಕಿದ್ದ. ನಾವೆಲ್ಲಾ ಹಾಕಿದ್ವಿ. ಅಂದ್ರೆ ಕೋರ್ಸೋ ನಮ್ಮವನೇ, ಹುಟ್ಟಿದ ದೇಶ ಬೇರೆ ಅಷ್ಟೇ. ಆ ಮನುಷ್ಯ ಆಮೇಲೆ ಟೀವಿಗೆ ಹೋಗಿ ಪ್ರತಿ ಶನಿವಾರ ಯಾವ ಟೀಮ್ ಗೆಲ್ಲುತ್ತೋ ಅದರ ಮ್ಯಾಸ್ಕಾಟ್ ತಲೆ ಹಾಕ್ಕೊಂಡು ಭವಿಷ್ಯ ಹೇಳ್ತಾ ದೇಶಕ್ಕೇ ಫೇಮಸ್ ಆದ, ಆ ಆಗಸ್ಟ್ 30ನೇ ತಾರೀಕು ಅವನ ಕೊನೇ ಶೋ, ಅವತ್ತೇ ನಮ್ಮ ಮೊದಲ್ನೇ ಮ್ಯಾಚು. ಮಂಡ್ಯಗೆ ಇದೂ ಒಂದು ಶುಭಶಕುನ.

"ಶಕುನ ಬಿಡು ಮಾರಾಯ, ಕಾರಣ ಹೇಳು," ಅಂದ್ರು ಅಕ್ಕ, ಒಗ್ಗರಣೆಗೆ ಸಾಸಿವೆ ಹಾಕ್ತಾ.

ಕಾರಣ ಇದೆ, ಅದಕ್ಕೇ ನಾನೂ ಈ ಸಲ ಬಾಯಿ ಮುಚ್ಕೊಂಡು ಕೇಳಿದ್ದು. ಕಾರಣದ ಹೆಸರು ಕರ್ಟ್ ಸಿಗ್ನೆಟಿ. 2021, 22, 23 ಮೂರೂ ವರ್ಷ ಸೇರಿಸಿ ಇಂಡಿಯಾನಾ ಗೆದ್ದಿದ್ದು ಒಂಬತ್ತೇ ಮ್ಯಾಚು, ಹಳೇ ಕೋಚ್‌ನ ಮನೆಗೆ ಕಳಿಸಿ 62 ವರ್ಷದ ಇವನನ್ನ ಕರ್ಕೊಂಡು ಬಂದ್ರು. ನಮ್ಮ ಕಡೆ ಆ ವಯಸ್ಸಿಗೆ ಪೆನ್ಷನ್ ಫೈಲ್ ಹಿಡ್ಕೊಂಡು ಓಡಾಡ್ತಾರೆ. ಈ ಮನುಷ್ಯ ಮುಂಚೆ ಅಲಬಾಮಾದಲ್ಲಿ ನಿಕ್ ಸೇಬನ್ ಕೈಕೆಳಗೆ ಕೋಚು, ಅಂದ್ರೆ ಫುಟ್ಬಾಲಿನ ಕಾಶಿ ಅದು. 2011ರಲ್ಲಿ ಅದನ್ನ ಬಿಟ್ಟು ಪೆನ್ಸಿಲ್ವೇನಿಯಾದ ಒಂದು ಸಣ್ಣ ಎರಡನೇ ದರ್ಜೆ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋದ, ಸಂಬಳ ಕಮ್ಮಿ ಆದ್ರೂ ಪರವಾಗಿಲ್ಲ ಅಂತ. ದೊಡ್ಡ ಹೋಟೆಲಲ್ಲಿ ಎರಡನೇ ಭಟ್ಟ ಆಗಿರೋದಕ್ಕಿಂತ ಸ್ವಂತ ಮೆಸ್ ಇಡ್ತೀನಿ ಅಂದಂಗೆ. ಅಲ್ಲಿಂದ ಎಲ್ಲಿಗೆ ಹೋದ್ರೂ ಗೆದ್ದಿದ್ದೇ, ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಲ್ಲಿ 52 ಗೆಲುವು, ಸೋಲು ಬರೀ 9. ಇಲ್ಲಿಗೆ ಬಂದಾಗ ಪತ್ರಕರ್ತರು ಏನ್ ಸ್ವಾಮಿ ಹುಡುಗರಿಗೆ ಏನಂತ ಹೇಳಿ ಒಪ್ಪಿಸ್ತೀರಿ ಅಂದ್ರೆ, ನಾನು ಗೆಲ್ತೀನಿ, ಗೂಗಲ್ ಮಾಡ್ಕೊಳ್ಳಿ ಅಂದ.

"ಸೊಕ್ಕು ನೋಡು," ಅಂದ ಹುಬ್ಬಳ್ಳಿ, ಆದ್ರೆ ದನಿಯಲ್ಲಿ ಸ್ವಲ್ಪ ಮೆಚ್ಚುಗೆ ಇತ್ತು.

ಇವನ ಗುಟ್ಟು ಏನು ಅಂದ್ರೆ ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜ್ ಬದಲಾಯಿಸಬೇಕು ಅನ್ನೋ ಆಟಗಾರ ಅದರಲ್ಲಿ ಹೆಸರು ಹಾಕಿದ್ರೆ ಮುಗೀತು, ಯಾರು ಬೇಕಾದ್ರೂ ಕರೀಬಹುದು. ಹುಬ್ಬಳ್ಳಿಗೆ ಇದನ್ನ ಮೊದಲ್ನೇ ಸಲ ಹೇಳಿದಾಗ ಅವನು ಅರ್ಧ ಗಂಟೆ ಸುಮ್ನೆ ಕೂತಿದ್ದ. ಅವನ ಡಿಗ್ರಿ ಕಾಲೇಜಲ್ಲಿ ಒಬ್ಬ ಕ್ಲರ್ಕು ಟಿಸಿ ಕೊಡೋಕೆ ಇವನನ್ನ ಎರಡು ತಿಂಗಳು ಅಲೆದಾಡಿಸಿ, ಲೈಬ್ರರಿಯಿಂದ ನೋ ಡ್ಯೂ ತಾ, ಲ್ಯಾಬಿಂದ ತಾ, ಸ್ಪೋರ್ಟ್ಸ್ ರೂಮಿಂದ ತಾ ಅಂದಿದ್ನಂತೆ, ಇವನು ಜೀವನದಲ್ಲಿ ಕೇರಂ ಕಾಯಿನ್ ಮುಟ್ಟಿದವನಲ್ಲ. "ಇಲ್ಲಿ ಒಬ್ಬ ಕೋಚು ಹದಿಮೂರು ಹುಡುಗ್ರ ಟಿಸಿ ಒಮ್ಮೆಲೇ ತಂದಾನಂದ್ರ ಅವಾ ಕೋಚ್ ಅಲ್ಲಪಾ, ದೇವ್ರ!"

ಹದಿಮೂರು ನಿಜ. ಹಳೇ ಕಾಲೇಜಿಂದ ಅಷ್ಟು ಜನ ಇವನ ಹಿಂದೇನೇ ಬಂದ್ರು. ಮಿಕ್ಕವರನ್ನ ಅಲ್ಲಿ ಇಲ್ಲಿ ಹುಡುಕಿ ತಂದ. ಹುಡುಕೋದ್ರಲ್ಲಿ ಒಂದೇ ಸೂತ್ರ, ಮುಂದೆ ಏನಾಗಬಹುದು ಅಂತ ನೋಡಲ್ಲ, ಇಲ್ಲಿವರೆಗೆ ಏನ್ ಮಾಡಿದಾನೆ ಅಂತ ನೋಡ್ತಾನೆ.

"ಕಂಬಳದಲ್ಲಿ ಹಾಗೇ ಅಲ್ವಾ," ಅಂದ್ರು ಅಕ್ಕ. "ಕೋಣ ಎಷ್ಟು ಸೆಕೆಂಡಲ್ಲಿ ಓಡಿತು ಅಂತ ನೋಡುವುದು. ಅದರ ಜಾತಕ ಯಾರು ಕೇಳ್ತಾರೆ?"

ದೊಡ್ಡ ದೊಡ್ಡ ಕಾಲೇಜಿನವರು ಹದಿನೇಳು ವರ್ಷದ ಹುಡುಗನ ಎತ್ತರ ಅಗಲ ಅಳೆದು ಐದು ಸ್ಟಾರ್ ಕೊಟ್ಟು ಕರ್ಕೊಂಡು ಹೋಗ್ತಾರೆ, ಇವನು ಇಪ್ಪತ್ತೆರಡು ಇಪ್ಪತ್ಮೂರರ, ಐನೂರು ಜನದ ಮದುವೆ ಅಡುಗೆ ಮಾಡಿ ಕೈ ಸುಟ್ಕೊಂಡು ಅಭ್ಯಾಸ ಇರೋರನ್ನ ಕರ್ಕೊಂಡು ಬರ್ತಾನೆ. ನನಗೆ ಇದೇ ನಂಬಿಕೆ ಬರಿಸಿದ್ದು. ಆರ್‌ಸಿಬಿಯಲ್ಲೂ ಅಷ್ಟೇ ತಾನೇ, ಗೇಲ್ ಎಬಿಡಿ ಕೊಹ್ಲಿ ಮೂರೂ ಜನ ಒಟ್ಟಿಗೆ ಇದ್ದಾಗ ಬರದಿರೋ ಕಪ್ಪು ಕೃಣಾಲ್, ಭುವನೇಶ್ವರ್, ಹೇಜಲ್‌ವುಡ್ ಅಂಥ ಪಳಗಿದ ಕೈಗಳು ಬಂದ್ಮೇಲೆ ಬಂತು, ಜೂನ್ 3ನೇ ತಾರೀಕು, ಹದಿನೆಂಟನೇ ಸೀಸನ್ನಲ್ಲಿ, ಆರು ರನ್ನಿಂದ. ಅವತ್ತು ಇದೇ ರೂಮಲ್ಲಿ ನಾವು ಕುಣಿದಿದ್ದಕ್ಕೆ ಕೆಳಗಿನ ಮನೆಯವರು ಬಂದು ಯಾರಾದ್ರೂ ಬಿದ್ರಾ ಅಂತ ಕೇಳಿದ್ರು. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋಗ್ಬಿಟ್ರು. ಆ ಮಾತು ಬಂದಾಗೆಲ್ಲಾ ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲ್ಲ, ಅವತ್ತೂ ಅನ್ನಲಿಲ್ಲ, ಅಕ್ಕ ಕಡ್ಲೆಬೀಜ ಹುರೀತಾ ಇದ್ರು, ಆ ಸದ್ದೊಂದೇ.

ಆಮೇಲೆ ಮಂಡ್ಯನೇ ಶುರು ಮಾಡಿದ. 2024ರ ಲೆಕ್ಕ. ಮೊದಲ ಹತ್ತಕ್ಕೆ ಹತ್ತೂ ಗೆಲುವು. ನೆಬ್ರಾಸ್ಕಾ 56-7. ಹಿಂದಿನ ವರ್ಷ ನ್ಯಾಷನಲ್ ಚಾಂಪಿಯನ್ ಆಗಿದ್ದ ಮಿಶಿಗನ್ 20-15. ಇದೇ ರಾಜ್ಯದ ಶತ್ರು ಪರ್ಡ್ಯೂ 66-0! ಒಟ್ಟು 11 ಗೆಲುವು, ಇವರ ಇತಿಹಾಸದಲ್ಲಿ ಒಂದು ವರ್ಷಕ್ಕೆ ಒಂಬತ್ತರ ಮೇಲೆ ಯಾವತ್ತೂ ಹೋಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆಯೋನು, ಕರ್ಟಿಸ್ ರೋರ್ಕ್, ಇಡೀ ಸೀಸನ್ ಮಂಡಿ ಒಳಗೆ ಲಿಗಮೆಂಟ್ ಹರ್ಕೊಂಡೇ ಆಡಿದ್ದ ಅಂತ ಎಲ್ಲಾ ಮುಗಿದ್ಮೇಲೆ ಗೊತ್ತಾಯ್ತು. ನನಗೆ ಮೆಟ್ಟಿಲು ಹತ್ತಿದ್ರೆ ಮಂಡಿ ನೋಯುತ್ತೆ ಅಂತ ಆ ವಾರ ನಾನು ಯಾರಿಗೂ ಹೇಳ್ಕೊಳ್ಳಲಿಲ್ಲ.

"ಗೆದ್ದವ್ರ ಹೆಸ್ರ ಹೇಳಿದಿ, ಸೋತಿದ್ದ ಹೇಳು," ಅಂದ ಹುಬ್ಬಳ್ಳಿ. "ಓಹಾಯೋ ಸ್ಟೇಟ್ 38-15. ನಾಟ್ರ ಡೇಮ್ 27-17, ಅದೂ ಕಡೀಕ ಎರಡ ನಿಮಿಷದಾಗ ಅವ್ರು ಪಾಪ ಅಂತ ಬಿಟ್ಟಕೊಟ್ಟಿದ್ದು. ದೊಡ್ಡವ್ರ ಮುಂದ ನಿಂತ್ರ ಚಡ್ಡಿ ಒದ್ದಿ. ಮುಂದ ವರ್ಜೀನಿಯಾ ಜೋಡಿ ಇದ್ದ ಮ್ಯಾಚ್ ಬ್ಯಾರೆ ಈ ವರ್ಷ ಕ್ಯಾನ್ಸಲ್ ಮಾಡ್ಯಾರ. ಗಲ್ಲಿ ಹುಡುಗ್ರ ಜೋಡಿ ಆಡಿ ಸೆಂಚುರಿ ಹೊಡದಂಗ. ಅದಕ್ಕ ಆ ಕೋಚಿಗೆ ವರ್ಷಕ್ಕ ಎಂಟು ಮಿಲಿಯನ್ ಡಾಲರ್!" ಅವನು ಡಾಲರ್ ಅಂದ ಕೂಡ್ಲೆ ಮನಸ್ಸಲ್ಲೇ ರೂಪಾಯಿಗೆ ಗುಣಿಸೋದು ಚಟ. ಹತ್ತಿರಹತ್ತಿರ ಎಪ್ಪತ್ತು ಕೋಟಿ. ಅಕ್ಕ ತಮ್ಮ ಸ್ಟೈಪೆಂಡ್ ನೆನೆಸ್ಕೊಂಡು ಬಾಂಡ್ಲಿಯನ್ನ ಸ್ವಲ್ಪ ಜೋರಾಗೇ ಕೆಳಗಿಟ್ರು.

ಅವನು ಹೇಳೋದ್ರಲ್ಲಿ ತಪ್ಪಿಲ್ಲ. ಆದ್ರೆ ಅಲ್ಲೇ ಮಜಾ ಇರೋದು. ನಾಟ್ರ ಡೇಮ್ ನಮ್ಮನ್ನ ಹೊಡೆದ್ರಲ್ಲ, ಆ ಟೀಮಿನ ಸೆಂಟರ್, ಅಂದ್ರೆ ಮಧ್ಯದಲ್ಲಿ ನಿಂತು ಚೆಂಡು ಹಿಂದಕ್ಕೆ ಕೊಡೋನು, ಪ್ಯಾಟ್ ಕೂಗನ್ 2025ಕ್ಕೆ ನಮ್ಮ ಟೀಮಿಗೇ ಬಂದಿದ್ದ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಫರ್ನಾಂಡೋ ಮೆಂಡೋಜಾ ಅಂತ ಕ್ವಾರ್ಟರ್‌ಬ್ಯಾಕ್ ಬಂದಿದ್ದ, ಅಲ್ಲಿ ಮುಂದೆ ಕಾಯೋರು ಸರಿ ಇಲ್ಲದೆ ಬಡಪಾಯಿ ಬಿದ್ದಿದ್ದೇ ಬಿದ್ದಿದ್ದು, ಆದ್ರೂ ಎದ್ದು ಎಸೀತಿದ್ದ. ಅವನ ತಮ್ಮ ಮೊದಲೇ ಇಲ್ಲಿದ್ದ, ಆ ವರ್ಷ ಅಣ್ಣನಿಗೆ ಬ್ಯಾಕಪ್ಪು. ("ತಮ್ಮನ ಸೀಟಿಗೆ ಅಣ್ಣ ಟವೆಲ್ ಹಾಕಿದ," ಅಂತ ಹುಬ್ಬಳ್ಳಿ.) ಡಿಫೆನ್ಸಲ್ಲಿ ಫಿಶರ್, ಕಮಾರಾ, ಪಾಂಡ್ಸ್ ಮೂರೂ ಜನ ವಾಪಸ್, ಮೂರೂ ಜನ ಆ ಹದಿಮೂರರ ಬ್ಯಾಚು. ಆಫೆನ್ಸ್ ನೋಡೋ ಕೋಚು, ಡಿಫೆನ್ಸ್ ನೋಡೋ ಕೋಚು ಇಬ್ಬರೂ ಎಲ್ಲೂ ಹೋಗಿರಲಿಲ್ಲ. ಈ ಕೊನೇದನ್ನ ಅಕ್ಕ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು, "ಅದು ದೊಡ್ಡದು ಮಾರಾಯ, ಗೈಡ್ ಬೇರೆ ಯೂನಿವರ್ಸಿಟಿಗೆ ಹೋದರೆ ಏನಾಗ್ತದೆ ಅಂತ ನನ್ನನ್ನು ಕೇಳು."

ಆಮೇಲೆ ಅಕ್ಕ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದ್ರು. ಮೊದಲ ಮೂರು ಮ್ಯಾಚು ಸುಮ್ನೆ, ಮೈ ಬಿಸಿ ಮಾಡ್ಕೊಳ್ಳೋಕೆ. ಸೆಪ್ಟೆಂಬರ್ 20 ಇಲಿನಾಯ್, ಅವರ ರ್‍ಯಾಂಕು 12, ಮ್ಯಾಚ್ ನಮ್ಮೂರಲ್ಲಿ. ಅಕ್ಟೋಬರ್ 11 ಆರೆಗಾನ್, ನವೆಂಬರ್ 8 ಪೆನ್ ಸ್ಟೇಟ್, ಎರಡೂ ಅವರೂರಲ್ಲಿ, ಪೆನ್ ಸ್ಟೇಟ್ ಸ್ಟೇಡಿಯಂ ಅಂದ್ರೆ ಲಕ್ಷ ಜನ ಒಟ್ಟಿಗೆ ಕಿರುಚೋ ಜಾಗ. "ಹೋದ ವರ್ಷದ ಹನ್ನೊಂದು ಮತ್ತೆ ಬರುವುದು ಕಷ್ಟ. ಒಂದು ವರ್ಷ ಮಾವು ಸಿಕ್ಕಾಪಟ್ಟೆ ಬಿಟ್ಟರೆ ಮಾರನೇ ವರ್ಷ ಕಮ್ಮಿ. ನಾನು ಒಂಬತ್ತು ಅಂತೇನೆ."

"ಒಂಬತ್ತು ಅಂದ್ರೆ ಬಯ್ದಂಗೆ ಅಕ್ಕಾ," ಅಂದ ಮಂಡ್ಯ, ಕಣ್ಣಲ್ಲಿ ನಿಜವಾಗ್ಲೂ ನೀರು. ಈರುಳ್ಳಿನೂ ಇತ್ತು ಅನ್ನಿ.

"ಎರಡು ವರ್ಷದ ಹಿಂದೆ ಒಂಬತ್ತು ಅಂದಿದ್ರೆ ನೀನು ಕಾಲಿಗೆ ಬೀಳ್ತಿದ್ದೆ," ಅಂದೆ ನಾನು. ಅದಕ್ಕೆ ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, ಹೂಂ ಕಣ್ಲಾ ಅಂದ.

ಅಷ್ಟರಲ್ಲಿ ತಟ್ಟೆ ಬಂತು. ನಾನು ಚುರುಮುರಿ ಅಂದೆ, ಮಂಡ್ಯ ಕಡ್ಲೆಪುರಿ ಅಂದ, ಹುಬ್ಬಳ್ಳಿ ಚುರಮರಿ ಅಂದ, ಎಲ್ಲರೂ ಒಂದೇ ಬಟ್ಟಲಿಗೆ ಕೈ ಹಾಕಿದ್ವಿ. ತಿಂತಾ ತಿಂತಾ ಟ್ರೋಫಿ ವಿಷಯ ಬಂತು. ಪರ್ಡ್ಯೂ ಜೊತೆ ಆಡೋ ಮ್ಯಾಚಿಗೆ ಟ್ರೋಫಿ ಒಂದು ಹಳೇ ಓಕ್ ಮರದ ಬಕೆಟ್ಟು, ಬಾವಿಯಿಂದ ನೀರು ಸೇದೋದು, 1925ರಿಂದ ಅದಕ್ಕೇ ಹೊಡೆದಾಟ. ಇದು ಹುಬ್ಬಳ್ಳಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದು ಮಿಶಿಗನ್ ಸ್ಟೇಟ್ ಜೊತೆದು.

"ಅದಕ್ಕೆ ಪೀಕದಾನಿ," ಅಂದ ಮಂಡ್ಯ.

"ಏನಂದಿ?"

"ಹಿತ್ತಾಳೆ ಪೀಕದಾನಿ ಕಣಯ್ಯಾ. ಹೊಗೆಸೊಪ್ಪು ಜಗಿದು ಉಗೀತಾರಲ್ಲ ಅದು. 1950ರಿಂದ ಅದೇ ಟ್ರೋಫಿ. ಹೋದ ವರ್ಷ 47-10 ಹೊಡ್ದು ತಂದಿದೀವಿ. ಈಗ ನಮ್ಮ ಹತ್ರನೇ ಐತೆ."

ಹುಬ್ಬಳ್ಳಿ ಕೈಲಿದ್ದ ಚುರಮರಿ ಕೈಲೇ ಉಳೀತು. ಅವರ ಅಜ್ಜ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಂಡು, ನಾಲ್ಕು ಮಾರು ದೂರದಿಂದ ಗುರಿ ಇಟ್ಟು ಅದರೊಳಗೇ ಬೀಳೋ ಹಾಗೆ ಉಗೀತಿದ್ರಂತೆ, ವಾರಕ್ಕೊಂದ್ಸಲ ಅದನ್ನ ಹುಣಸೆಹಣ್ಣು ಹಚ್ಚಿ ತಿಕ್ಕೋ ಕೆಲಸ ಇವನದ್ದು, ತಿಕ್ಕಲಿಲ್ಲ ಅಂದ್ರೆ ಜಾತ್ರೆಗೆ ದುಡ್ಡಿಲ್ಲ. ಅಜ್ಜ ಹೋದ್ಮೇಲೆ ಯಾರೋ ತೂಕಕ್ಕೆ ಹಾಕಿದ್ರು. ಇದನ್ನೆಲ್ಲಾ ಹೇಳುವಾಗ ಅವನ ಮುಖ ಬೇರೆ ಥರ ಇತ್ತು. ಫೋನಲ್ಲಿ ಟ್ರೋಫಿ ಫೋಟೋ ತೋರಿಸಿದ್ವಿ, ದೊಡ್ಡದು ಮಾಡಿ ನೋಡಿದ, ತಿರುಗಿಸಿ ನೋಡಿದ.

"ಇದರ ಕಂಠ ಸರಿ ತಿಕ್ಕಿಲ್ಲ," ಅಂದ.

ಮತ್ತೆ ಅರ್ಧ ಗಂಟೆ ಪೋರ್ಟಲ್, ದುಡ್ಡು, ಆ ವರ್ಷದ ಜುಲೈಯಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಕೊಡಬಹುದು ಅಂತ ಆಗಿದೆಯಲ್ಲ ಅದು, ಏನೇನೋ ಆಯ್ತು. ಹುಬ್ಬಳ್ಳಿ ಒಂದಕ್ಕೂ ವಾದ ಮಾಡಲಿಲ್ಲ. ಹೊರಡೋ ಹೊತ್ತಿಗೆ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕ್ಕೋತಾ, ನಮ್ಮ ಕಡೆ ನೋಡದೆ ಕೇಳಿದ.

"ಆ ಮಿಶಿಗನ್ ಸ್ಟೇಟ್ ಮ್ಯಾಚ್ ಯಾವತ್ತಲೇ?"

"ಅಕ್ಟೋಬರ್ 18. ಇಲ್ಲೇ. ಯಾಕೆ, ಟಿಕೆಟ್ ಮಾಡ್ಲಾ?"

"ಆಟ ನೋಡಾಕಲ್ಲ ಮತ್ತ," ಅಂದ. "ಒಂದ ಹುಣಸಿಹಣ್ಣ ತಗೊಂಡ ಬರ್ತೇನಿ."