ಅಳಿಸಿಹೋಗುವ ಕಂತನ್ನು ವಿಮರ್ಶಿಸುವುದು ಹೇಗೆ? ('ದಿ ಫ್ಲ್ಯಾಶ್', ಮೊದಲ ಸೀಸನ್, 15ನೆಯ ಕಂತು)

ಪ್ರಶ್ನೆ: ಡೊಂಬಿವಲಿಯ ಓದುಗಿ

ನಮ್ಮ ಡೊಂಬಿವಲಿಯ ಕನ್ನಡ ಬಳಗದ ಹೈಸ್ಕೂಲು ಮಕ್ಕಳು ತಿಂಗಳಿಗೊಂದು ಗೋಡೆಪತ್ರಿಕೆ ತರುತ್ತಾರೆ. ಸಿನಿಮಾ ವಿಮರ್ಶೆಗಳನ್ನು ಅವರು ಈಗಾಗಲೇ ಬರೆದಿದ್ದಾರೆ; ಈ ಬಾರಿ ದೀರ್ಘ ಧಾರಾವಾಹಿಯ ಒಂದೇ ಒಂದು ಕಂತನ್ನು ವಿಮರ್ಶಿಸುವ ಬಗೆಯನ್ನು ಬರೆದು ತೋರಿಸಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲ ಸೀಸನ್ನನ್ನು ನೋಡಿರುವುದರಿಂದ 'ದಿ ಫ್ಲ್ಯಾಶ್' ಅನ್ನೇ ಆರಿಸಿಕೊಂಡೆ. 2014ರ ಅಕ್ಟೋಬರ್ 7ರಂದು ಆರಂಭವಾಗಿ 2023ರ ಮೇ 24ರಂದು ಮುಗಿದ, ಒಂಬತ್ತು ಸೀಸನ್ನುಗಳಲ್ಲಿ 184 ಕಂತುಗಳಿಗೆ ಬೆಳೆದ ಆ ಸೂಪರ್‌ಹೀರೋ ಸರಣಿಯಲ್ಲಿ ನನ್ನ ಮನಸ್ಸಿನಿಂದ ಇಂದಿಗೂ ಇಳಿಯದಿರುವುದು 2015ರ ಮಾರ್ಚ್ 17ರಂದು ಪ್ರಸಾರವಾದ 'ಔಟ್ ಆಫ್ ಟೈಮ್'.

ನೆನಪಿಲ್ಲದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ಕಂತಿನಲ್ಲಿ ಪತ್ತೇದಾರ ಜೋ ವೆಸ್ಟ್‌ನ ಗುಂಡಿಗೆ ಬಲಿಯಾದವನ ಸಹೋದರ ಮಾರ್ಕ್ ಮಾರ್ಡನ್, ಹವಾಮಾನವನ್ನು ಆಳುವ ಶಕ್ತಿಯೊಂದಿಗೆ ಸೇಡು ತೀರಿಸಿಕೊಳ್ಳಲು ಬರುತ್ತಾನೆ. ಪೊಲೀಸ್ ಕ್ಯಾಪ್ಟನ್ ಸಿಂಗ್ ತೀವ್ರವಾಗಿ ಗಾಯಗೊಳ್ಳುತ್ತಾನೆ, ಜೋ ಸೆರೆಯಾಗುತ್ತಾನೆ, ಊರಿನ ಮೇಲೆ ಸುನಾಮಿ ಏರಿ ಬರುತ್ತದೆ. ಅದೇ ವೇಳೆಗೆ ಫ್ಲ್ಯಾಶ್‌ಗೆ ನೆರವಾಗುವ ಪ್ರಯೋಗಾಲಯವಾದ ಸ್ಟಾರ್ ಲ್ಯಾಬ್ಸ್‌ನಲ್ಲಿ ತನ್ನ ಗುರು ಹ್ಯಾರಿಸನ್ ವೆಲ್ಸ್‌ನ ಗುಟ್ಟನ್ನು ಕಂಡುಹಿಡಿದ ತರುಣ ಎಂಜಿನಿಯರ್ ಸಿಸ್ಕೋ, ಆ ಗುರುವಿನ ಕೈಯಿಂದಲೇ ಸಾಯುತ್ತಾನೆ. ಅಲೆಯನ್ನು ತಡೆಯಲೆಂದು ದಡದುದ್ದಕ್ಕೂ ಓಡುವ ಬ್ಯಾರಿ ಅಲೆನ್, ಅಂದರೆ ಮಿಂಚಿನ ವೇಗದ ನಾಯಕ ಫ್ಲ್ಯಾಶ್, ತನಗರಿವಿಲ್ಲದೆ ಒಂದು ದಿನ ಹಿಂದಕ್ಕೆ ಹೋಗಿಬಿಡುತ್ತಾನೆ.

ನನ್ನ ತೊಡಕು ಇಲ್ಲಿದೆ. ಒಂದು ವಾರದ ಬಳಿಕ, ಮಾರ್ಚ್ 24ರಂದು ಬಂದ 'ರೋಗ್ ಟೈಮ್' ಕಂತಿನಲ್ಲಿ ಬ್ಯಾರಿ ಮಾರ್ಡನ್‌ನನ್ನು ಆರಂಭದಲ್ಲಿಯೇ ಹಿಡಿದು ಕೂಡಿಹಾಕುತ್ತಾನೆ. ಸಾವು, ಸೆರೆ, ಸುನಾಮಿ ಯಾವುದೂ ನಡೆದೇ ಇಲ್ಲವೆಂಬಂತೆ ಆಗುತ್ತದೆ. ಹಿಂದಿನ ಸಂಜೆ ಸಿಸ್ಕೋಗಾಗಿ ಅತ್ತಿದ್ದ ನನ್ನ ಮಗಳು ಮರುದಿನ ಆ ಕಂತನ್ನು ನೋಡಿ, ತನ್ನ ಅಳುವನ್ನು ಯಾರೋ ಮೋಸದಿಂದ ಕಿತ್ತುಕೊಂಡರೆಂದು ಸಿಟ್ಟಾದಳು. ಮುಂದೆ ಅಳಿಸಿಹೋಗುವ ಕಂತನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಅದನ್ನು ಅದರಷ್ಟಕ್ಕೇ ನೋಡಿ ಮೆಚ್ಚಬಹುದೇ, ಅಥವಾ 16ನೆಯ ಕಂತಿನ ಲೆಕ್ಕವನ್ನೂ ಇದರ ತಲೆಗೇ ಕಟ್ಟಬೇಕೇ?

ಉತ್ತರ: ಮುಲುಂಡಿನ ನಿವೃತ್ತ ಮಾಸ್ತರ

ತಾಯೀ, ನಿಮ್ಮ ಮಗಳ ಸಿಟ್ಟು ನ್ಯಾಯವಾದದ್ದೇ. ಆದರೆ ವಿಮರ್ಶಕಿಯಾದ ನೀವು ಮೊದಲು ಆಕೆಯ ಅಳುವಿನ ಕಡೆಗೆ ನೋಡಬೇಕು, ಏಕೆಂದರೆ ಆ ಅಳುವನ್ನು ಸಂಪಾದಿಸಿದ್ದು ಈ ಕಂತು.

ಸಿಸ್ಕೋ ಸಾಯುವ ದೃಶ್ಯ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ತೋರಿಸಿರಿ. ವೆಲ್ಸ್ ಗಾಲಿಕುರ್ಚಿಯಿಂದ ಎದ್ದು ನಡೆಯಬಲ್ಲನೆಂಬುದು ವೀಕ್ಷಕರಿಗೆ ಮೊದಲ ಕಂತಿನ ಕೊನೆಯಲ್ಲಿಯೇ ತಿಳಿದಿದೆ. ತಿಳಿಯದಿರುವುದು ಸಿಸ್ಕೋಗೆ ಮಾತ್ರ. ಆದ್ದರಿಂದ ಈ ದೃಶ್ಯಕ್ಕೆ ಅಚ್ಚರಿಯನ್ನು ನೆಚ್ಚುವ ಅಗತ್ಯವೇ ಇಲ್ಲ. ನಮ್ಮ ಕರಾವಳಿಯವರು ಮುಂಬಯಿಯ ಸಭಾಗೃಹಗಳಲ್ಲಿ ಕರ್ಣಪರ್ವದ ತಾಳಮದ್ದಳೆಯನ್ನು ಕೇಳಲು ಇಡೀ ಸಂಜೆ ಕೂರುತ್ತಾರಲ್ಲ, ಕರ್ಣ ಬದುಕಿ ಉಳಿದಾನೆಂಬ ಆಸೆಯಿಂದ ಯಾರೂ ಅಲ್ಲಿಗೆ ಬರುವುದಿಲ್ಲ. ಸಾಯುವ ಮುನ್ನ ಅವನು ಯಾರೊಂದಿಗೆ ಏನು ಮಾತನಾಡುತ್ತಾನೆ, ಶಲ್ಯ ಯಾವ ಗಳಿಗೆಯಲ್ಲಿ ರಥದಿಂದ ಇಳಿಯುತ್ತಾನೆ ಎಂಬುದನ್ನು ಕೇಳಲು ಬರುತ್ತಾರೆ. ಇಲ್ಲಿಯೂ ಹಾಗೆಯೇ. ಒಂಬತ್ತನೆಯ ಕಂತಿನಲ್ಲಿ ಫ್ಲ್ಯಾಶ್‌ನಷ್ಟೇ ವೇಗದ ಶತ್ರು ರಿವರ್ಸ್ ಫ್ಲ್ಯಾಶ್‌ನನ್ನು ಹಿಡಿಯಲು ಹೂಡಿದ್ದ ಬಲೆಯನ್ನು ಸಿಸ್ಕೋ ಮತ್ತೆ ಪರೀಕ್ಷಿಸುತ್ತಾನೆ, ಅಂದು ಅದರೊಳಗೆ ಕಂಡದ್ದು ಬರಿಯ ಬಿಂಬವೆಂದು ಅರಿಯುತ್ತಾನೆ, ಅಷ್ಟರಲ್ಲಿ ವೆಲ್ಸ್ ಒಳಗೆ ಬರುತ್ತಾನೆ. ವೆಲ್ಸ್‌ನ ಪಾತ್ರಧಾರಿ ಟಾಮ್ ಕವನಾ ಇಲ್ಲಿ ದನಿಯನ್ನು ಏರಿಸುವುದೇ ಇಲ್ಲ. ತನ್ನ ನಿಜವಾದ ಹೆಸರು ಇಯೊಬಾರ್ಡ್ ಥಾನ್ ಎಂದು ಹೇಳಿ, ಮಗನಿದ್ದರೆ ಹೇಗಿರುತ್ತದೆಂಬುದನ್ನು ನೀನೇ ನನಗೆ ತೋರಿಸಿಕೊಟ್ಟೆ ಎಂದು ಸಿಸ್ಕೋಗೆ ತಿಳಿಸಿ, ಆದರೆ ಭವಿಷ್ಯದಿಂದ ಬಂದ ನನ್ನ ಪಾಲಿಗೆ ನೀನು ಶತಮಾನಗಳ ಹಿಂದೆಯೇ ಸತ್ತವನು ಎಂಬ ಅರ್ಥದ ಮಾತನ್ನು ಆಡಿ, ಕಂಪಿಸುವ ಕೈಯನ್ನು ಅವನ ಎದೆಗೆ ತೂರಿಸುತ್ತಾನೆ. ಪ್ರೀತಿ ಸುಳ್ಳಲ್ಲ, ಕೊಲೆಯೂ ಸುಳ್ಳಲ್ಲ. ಸಿಸ್ಕೋನ ಪಾತ್ರಧಾರಿ ಕಾರ್ಲೋಸ್ ವಾಲ್ಡೆಸ್‌ನ ಕಣ್ಣೀರು ಸಾವಿಗೆ ಹೆದರಿ ಬಂದದ್ದಕ್ಕಿಂತ ಹೆಚ್ಚಾಗಿ, ನಂಬಿದವನನ್ನು ಕಳೆದುಕೊಂಡವನ ಕಣ್ಣೀರಾಗಿ ನನಗೆ ಕಾಣಿಸಿತು.

ಇನ್ನು ಅಳಿಸಿಹೋಗುವ ಮಾತು. ಸಿಸ್ಕೋ ಬದುಕಿ ಬಂದರೂ ಈ ಸಾವು ಅವನನ್ನು ಬಿಡುವುದಿಲ್ಲ. 19ನೆಯ ಕಂತಿನ ಹೊತ್ತಿಗೆ ಅದು ಕನಸಾಗಿ ಕಾಡುತ್ತದೆ. 20ನೆಯದಾದ 'ದಿ ಟ್ರ್ಯಾಪ್'ನಲ್ಲಿ ಆ ಕನಸನ್ನೇ ಸಾಕ್ಷಿಯಾಗಿಸಿಕೊಂಡು ಗೆಳೆಯರು ವೆಲ್ಸ್‌ನ ವಿರುದ್ಧ ಹೊರಡುತ್ತಾರೆ. ಸೀಸನ್ನಿನ ಕೊನೆಯ ಕಂತಿನಲ್ಲಿ ಆ ನೆನಪು ಉಳಿದದ್ದಕ್ಕೆ ಸಿಸ್ಕೋನ ಒಳಗಿನ ಶಕ್ತಿಯೇ ಕಾರಣವೆಂದು ತಿಳಿಯುತ್ತದೆ. ಹಲಗೆಯ ಮೇಲೆ ಬರೆದದ್ದನ್ನು ಒರೆಸಿದರೂ ಅಕ್ಷರದ ಗುರುತು ಮಸುಕಾಗಿ ಉಳಿಯುವುದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ನೋಡಿದ್ದೇನೆ. ಈ ಕಂತು ಉಳಿಯುವುದು ಆ ರೀತಿಯಲ್ಲಿ.

ಉತ್ತರ: ಪುಣೆ, ಕೋಥ್ರೂಡ್

ಮಾಸ್ತರರ ಮಾತಿನಲ್ಲಿ ಸಿಸ್ಕೋಗೆ ಸಂಬಂಧಿಸಿದ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅವರು ಜೋನ ಮಗಳು, ಬ್ಯಾರಿ ಪ್ರೀತಿಸುವ ಐರಿಸ್‌ಳ ಹೆಸರನ್ನೇ ಎತ್ತಲಿಲ್ಲ, ನನ್ನ ತಕರಾರು ಇರುವುದು ಅಲ್ಲಿಯೇ.

ಇದೇ ಕಂತಿನಲ್ಲಿ, ಅಲೆ ಬರುತ್ತಿರುವಾಗ, ಐರಿಸ್ ಬ್ಯಾರಿಗೆ ತನ್ನ ಮನಸ್ಸನ್ನು ತಿಳಿಸುತ್ತಾಳೆ. ಅವನು ತಾನೇ ಫ್ಲ್ಯಾಶ್ ಎಂಬುದನ್ನು ಆಕೆಯ ಕಣ್ಣೆದುರಿನಲ್ಲಿಯೇ ತೋರಿಸಿಕೊಟ್ಟು ಓಡುತ್ತಾನೆ. ತಂದೆ ಜೋಗೆ, ಪ್ರಯೋಗಾಲಯದ ಎಲ್ಲರಿಗೆ, ಕೊನೆಗೆ ಶತ್ರುವಿಗೂ ತಿಳಿದಿದ್ದ ಗುಟ್ಟನ್ನು ಆಕೆಯಿಂದ ಮಾತ್ರ 14 ಕಂತುಗಳ ಕಾಲ ಬಚ್ಚಿಟ್ಟಿದ್ದರು. ವರದಿಗಾರ್ತಿಯಾಗಿದ್ದೂ ಕತ್ತಲಲ್ಲಿರುವ ಪಾತ್ರವಾಗಿ ಆಕೆಯನ್ನು ನಿಲ್ಲಿಸಿದ್ದು ಮೊದಲ ಸೀಸನ್ನಿನ ಅತಿ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಆ ದೋಷ ಇಲ್ಲಿ ಕೆಲವೇ ನಿಮಿಷಗಳ ಮಟ್ಟಿಗೆ ಸರಿಹೋಗಿ, ಮುಂದಿನ ವಾರವೇ ಮರಳಿ ಬಂದಿತು. ಸಿಸ್ಕೋಗೆ ಕನಸಾದರೂ ಉಳಿಯಿತು. ಐರಿಸ್‌ಗೆ ಅದೂ ಉಳಿಯಲಿಲ್ಲ. 16ನೆಯ ಕಂತಿನಲ್ಲಿ ಬ್ಯಾರಿ ಅದೇ ಧೈರ್ಯದಿಂದ ಪ್ರೀತಿಯ ಮಾತನ್ನು ತೆಗೆದಾಗ, ಅವಳ ಪಾಲಿಗೆ ಆ ದಿನವೇ ನಡೆದಿಲ್ಲವಾದ್ದರಿಂದ, ಆಕೆ ಅವನನ್ನು ನಿರಾಕರಿಸುತ್ತಾಳೆ. ಆ ದೃಶ್ಯ ನಿಜವಾಗಿಯೂ ನೋಯಿಸುತ್ತದೆ, ಆದರೆ ಅಲ್ಲಿ ನೋವು ಬ್ಯಾರಿಗೆ ಮಾತ್ರ ಸಿಕ್ಕಿದೆ. ಆಕೆ ತಾನಾಗಿಯೇ ಸತ್ಯವನ್ನು ಕಂಡುಕೊಂಡು ಅವನನ್ನು ಎದುರಿಸಿ ನಿಲ್ಲಲು 21ನೆಯ ಕಂತಿನವರೆಗೆ ಕಾಯಬೇಕಾಯಿತು.

ಹಾಗೆಂದು 16ನೆಯ ಕಂತು ಎಲ್ಲವನ್ನೂ ಪುಕ್ಕಟೆಯಾಗಿ ಅಳಿಸಿತೆಂದು ಹೇಳುವುದೂ ತಪ್ಪಾದೀತು. ತಪ್ಪಿಸಿದ ಒಂದು ಅನಾಹುತದ ಜಾಗದಲ್ಲಿ ಕಾಲ ಮತ್ತೊಂದನ್ನು ತಂದು ನಿಲ್ಲಿಸುತ್ತದೆಂದು ವೆಲ್ಸ್ ಎಚ್ಚರಿಸುತ್ತಾನೆ. ಅದರಂತೆಯೇ ಸಿಸ್ಕೋ ಮತ್ತು ಅವನ ಅಣ್ಣ ಡಾಂಟೆ ಕ್ಯಾಪ್ಟನ್ ಕೋಲ್ಡ್ ಎಂಬ ಖಳನ ಕೈಗೆ ಸಿಗುತ್ತಾರೆ, ಬ್ಯಾರಿಯ ಗುಟ್ಟು ಅವನಿಗೆ ಬಯಲಾಗುತ್ತದೆ, ವೆಲ್ಸ್‌ನ ಬೆನ್ನು ಹತ್ತಿದ್ದ ಪತ್ರಕರ್ತ ಮೇಸನ್ ಬ್ರಿಜ್ ಕೊಲೆಯಾಗುತ್ತಾನೆ. ಆದ್ದರಿಂದ 16ನೆಯ ಕಂತಿನ ಸಾಲವನ್ನು 15ರ ಲೆಕ್ಕದಲ್ಲಿ ಬರೆಯಬೇಡಿರಿ. ಐರಿಸ್‌ಳ ವಿಷಯವನ್ನು ಮಾತ್ರ ದಯವಿಟ್ಟು ಬಿಡಬೇಡಿರಿ. ಗೋಡೆಪತ್ರಿಕೆಯನ್ನು ಓದುವವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ.

ಉತ್ತರ: ವಾಸ್ಕೋ, ಗೋವಾ

ಬಂದರಿನ ಪಕ್ಕದಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ನನಗೆ ಆ ಅಲೆಯ ಬಗ್ಗೆ ಒಂದು ಮಾತನ್ನು ಹೇಳಬೇಕೆನಿಸಿತು. ಸಾಮಾನ್ಯ ಅಲೆಯಲ್ಲಿ ಕದಲುವುದು ಮೇಲಿನ ನೀರು. ಸುನಾಮಿಯಲ್ಲಿ ಕಡಲ ತಳದಿಂದ ಮೇಲಿನವರೆಗಿನ ನೀರೆಲ್ಲವೂ ಕದಲುತ್ತದೆ. ಆಳದಲ್ಲಿ ವಿಮಾನದ ವೇಗದಿಂದ ಸಾಗಿ, ದಡದ ಬಳಿ ನಿಧಾನಗೊಂಡು ಎತ್ತರಿಸುವ ಆ ನೀರಿನ ರಾಶಿಯನ್ನು, ಸ್ಟಾರ್ ಲ್ಯಾಬ್ಸ್‌ನ ವಿಜ್ಞಾನಿ ಕೇಟ್ಲಿನ್ ಸೂಚಿಸುವಂತೆ, ದಡದಲ್ಲಿ ಎಬ್ಬಿಸಿದ ಗಾಳಿಯ ಗೋಡೆ ತಡೆಯಲಾರದು. ಮಕ್ಕಳಿಗೆ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರಿ, ಏಕೆಂದರೆ ಕಥೆಗೆ ಬೇಕಾಗಿದ್ದದ್ದು ಬ್ಯಾರಿ ಹಿಂದೆಂದೂ ಓಡದಷ್ಟು ವೇಗವಾಗಿ ಓಡಲು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಕಂತಿನ ಆರಂಭದಲ್ಲಿ ಶವಾಗಾರದ ಕಡೆಗೆ ಓಡುತ್ತಿದ್ದ ಬ್ಯಾರಿಗೆ ತನ್ನ ಪಕ್ಕದಲ್ಲಿ ತಾನೇ ಓಡುತ್ತಿರುವಂತೆ ಕಂಡದ್ದನ್ನು ಯಾರೂ ಇಲ್ಲಿ ಬರೆದಿಲ್ಲ. ಕೊನೆಯ ದೃಶ್ಯದಲ್ಲಿ ಅದೇ ಬೀದಿಗೆ ಬಂದು ನಿಂತಾಗ ಆ ಇನ್ನೊಬ್ಬ ಯಾರೆಂದು ತಿಳಿಯುತ್ತದೆ. ಅಂದರೆ ಕಂತು ತನ್ನ ಅಳಿವನ್ನು ಮೊದಲ ನಿಮಿಷಗಳಲ್ಲಿಯೇ ನಮಗೆ ತೋರಿಸಿತ್ತು.

ಮರುಉತ್ತರ: ಡೊಂಬಿವಲಿಯ ಓದುಗಿ

ಮೂವರಿಗೂ ಮನಃಪೂರ್ವಕ ವಂದನೆಗಳು. ವಾಸ್ಕೋದವರು ಹೇಳಿದ ಆ ಇನ್ನೊಬ್ಬ ಓಟಗಾರನನ್ನು ನಾನು ಮರೆತೇಬಿಟ್ಟಿದ್ದೆ. ನಿನ್ನೆ ರಾತ್ರಿ ಮಗಳೊಂದಿಗೆ ಆ ಭಾಗವನ್ನು ಮತ್ತೆ ನೋಡಿದೆ. ಹಾಗಿದ್ದರೆ ಇದು ನಮಗೆ ಹೇಳಿಯೇ ಮಾಡಿದ್ದು ಎಂದು ಆಕೆ ಹೇಳಿದಳು, ಮೋಸವೆಂಬ ಮಾತನ್ನು ಅನಂತರ ಬಳಸಲಿಲ್ಲ. ಐರಿಸ್‌ಳ ವಿಷಯದಲ್ಲಿ ಮಾತ್ರ ಆಕೆ ಪುಣೆಯವರ ಪಕ್ಷ.

ವಿಮರ್ಶೆಯನ್ನು 15ನೆಯ ಕಂತಿನ ಕೊನೆಯ ಚೌಕಟ್ಟಿನಲ್ಲಿಯೇ ನಿಲ್ಲಿಸುತ್ತೇನೆ. 16ರ ವಿಷಯವನ್ನು ಅದನ್ನು ನೋಡಿದವರು ಮಾತ್ರ ಓದಲೆಂಬ ಸೂಚನೆಯೊಂದಿಗೆ ಬೇರೆ ಹಾಳೆಯಲ್ಲಿ ಬರೆದು ಕೆಳಗೆ ಅಂಟಿಸುತ್ತೇನೆ; ಐರಿಸ್‌ಗೆ ಆದ ಅನ್ಯಾಯ ಆ ಹಾಳೆಯ ಮೊದಲ ಮಾತಾಗುತ್ತದೆ. ಮೇಲಿನ ಹಾಳೆಯ ಆರಂಭವನ್ನು ಹೀಗೆ ತಿದ್ದಿದ್ದೇನೆ: "ಈ ಕಂತಿನಲ್ಲಿ ಬ್ಯಾರಿ ಎರಡು ಸಲ ಒಂದೇ ಬೀದಿಯಲ್ಲಿ ಓಡುತ್ತಾನೆ. ಮೊದಲ ಸಲ ಅವನಿಗೆ ತನ್ನ ಪಕ್ಕದಲ್ಲಿರುವವನು ಯಾರೆಂದು ಗೊತ್ತಿಲ್ಲ, ಎರಡನೆಯ ಸಲ ಗೊತ್ತಿದೆ. ಈ ಎರಡು ಓಟಗಳ ನಡುವೆ ಅವನ ಗೆಳೆಯನೊಬ್ಬ ಸತ್ತಿದ್ದಾನೆ, ಅದು ಅವನಿಗೆ ಇನ್ನೂ ತಿಳಿದಿಲ್ಲ."